ಬಾಳೆಸಿಪ್ಪೆಯ ಮೇವು

ಆಗ ನನಗೆ ಒಂದು ಕಡೆ ಕೂರುವುದೇ ಗೊತ್ತಿರಲಿಲ್ಲ. ಎಂಬತ್ತರ ದಶಕದ ಕೊನೆ. ಅಫಜಲಪುರದಲ್ಲಿ ಬಾಡಿಗೆ ಕೋಣೆ, ಹಳ್ಳಿಗಳಲ್ಲಿ ಮೀನು ಸಾಕಣೆ ಕಲಿಸುವ ನೌಕರಿ, ಬಾಯಿ ತೆರೆದರೆ ಬಸ್ಸಿನ ಮಾತು. ಗೊಬ್ಬೂರಿನ ಹಾದಿಯ ಒಂದು ತೋಟದಲ್ಲಿ ನೀರಿನ ಹೊಂಡವಿತ್ತು. ತೋಟದ ಒಡತಿ ವಯಸ್ಸಾದ ಗೌಡತಿ. ಲಿಂಗಾಯತರ ಮನೆ, ಮೀನಿನ ವಾಸನೆಯನ್ನೂ ಕಾಣದ ಅಡುಗೆಮನೆ. ಮರಿಗಳನ್ನು ಬೆಳೆಸಿ ಜೀವಂತವಾಗಿ ಕೆರೆಗಳಿಗೆ ಬಿಡುವ ಯೋಜನೆ ಹೇಳಿದೆ.

"ಒಂದು ಮೀನೂ ನಿಮ್ಮ ಕಣ್ಣೆದುರು ಸಾಯಂಗಿಲ್ರಿ ಅಮ್ಮಾ," ಎಂದು ಮಾತು ಕೊಟ್ಟ ಮೇಲೆಯೇ ಅವರು ಒಪ್ಪಿದ್ದು. ಬೀಗರು ಆಡಿಕೊಂಡರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರಿಗಳ ಮೇವಾದ ಶೇಂಗಾ ಹಿಂಡಿಗೆ, ಒಣಗಿಸಿ ಪುಡಿ ಮಾಡಿದ ಬಾಳೆಸಿಪ್ಪೆ ಬೆರೆಸುವ ಹುಚ್ಚು ನನ್ನದು. ಸಿಪ್ಪೆಯ ನಾರು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರ, ಅವು ಚೆನ್ನಾಗಿದ್ದರೆ ಮೀನೂ ಚೆನ್ನಾಗಿರುತ್ತದೆ ಎಂದು ಎಲ್ಲೋ ಓದಿದ್ದೆ. ಪ್ರಿಬಯಾಟಿಕ್ ಎಂಬ ಪದ ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ. ಸಂತೆಯ ಹಣ್ಣಿನ ಗಾಡಿಗಳಿಂದ ಗೌಡತಿಯೇ ಸಿಪ್ಪೆ ತರಿಸಿ, ಮಾಳಿಗೆಯ ಮೇಲೆ ಹರವಿ, ಕುಟ್ಟಿಸಿದರು.

ಹೋದಾಗಲೆಲ್ಲ ಊಟ ತಪ್ಪುತ್ತಿರಲಿಲ್ಲ. ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಬೀಳುತ್ತಿತ್ತು. ನಾನೋ ಗಡಿಯಾರ ನೋಡುತ್ತ ನುಂಗುತ್ತಿದ್ದೆ. ಹಾಗೆ ಒಂದು ದಿನ ಕೈ ತೊಳೆಯುತ್ತಲೇ, "ದಿನಕ್ಕ ಒಂದ ಬೊಗಸಿ ಹಾಕ್ರಿ, ಹೆಚ್ಚು ಬ್ಯಾಡ," ಎಂದು ಹೇಳಿ ಬಸ್ಸಿಗೆ ಓಡಿದೆ. ಯಾಕೆ ಬೇಡ ಎಂದು ಹೇಳಲಿಲ್ಲ. ಉಳಿದ ಮೇವು ಕೊಳೆತರೆ ನೀರಿನ ಉಸಿರೇ ಹೋಗುತ್ತದೆ ಎನ್ನಲು ಎಷ್ಟು ಹೊತ್ತು ಬೇಕಿತ್ತು?

ಜೇವರ್ಗಿ ಕಡೆಯ ಕೆಲಸ ಎರಡು ವಾರ ಹಿಡಿಯಿತು. ಅಲ್ಲಿ ಯಾಕೋ ಮನಸ್ಸು ನಿಲ್ಲಲಿಲ್ಲ. ಮರಳಿದವನು ಮೊದಲ ಬಸ್ಸಿಗೇ ತೋಟಕ್ಕೆ ಹೋದೆ. ದೂರದಿಂದಲೇ ಹುಳಿ ನಾತ. ಬೆರಳುದ್ದದ ಮರಿಗಳು ಹೊಂಡದ ತುಂಬ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗೌಡತಿ ದಂಡೆಯ ಮೇಲೆ ಕುಳಿತಿದ್ದರು.

"ಎಷ್ಟು ಹಾಕಿದ್ರಿ?"

"ಬುಟ್ಟಿಗಟ್ಟಲೆ ಹಾಕೇನ್ರಿ ಸಾಹೇಬ್ರ. ನಮ್ಮ ಮನ್ಯಾಗ ನಾಯಿನೂ ಅರಿಹೊಟ್ಟಿಲೆ ಮಲಗಂಗಿಲ್ಲ. ಇಷ್ಟು ಕೂಸುಗಳಿಗಿ ಒಂದ ಬೊಗಸಿ ಹ್ಯಾಂಗ ಸಾಲಬೇಕು ಅನಸ್ತು." ತೇಲುವ ಮರಿಗಳ ಕಡೆ ಕೈ ತೋರಿಸಿ ಹೇಳಿದರು, "ಸಾಕು ಅಂತ ಅಡ್ಡ ಹಿಡ್ಯಾಕ ಅವಕ್ಕ ಕೈ ಇಲ್ಲಲ್ರಿ."

ತಪ್ಪು ನನ್ನದು ಎಂದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ, ಊಟಕ್ಕೆ ಕರೆದರು.

ಒಂದು ರೊಟ್ಟಿ ಮುಗಿದಿತ್ತು. ಎರಡನೆಯದು ತಂದಾಗ ಅಭ್ಯಾಸಬಲದಿಂದ ತಟ್ಟೆಗೆ ಕೈ ಅಡ್ಡ ಹಿಡಿದೆ. ನಿಜಕ್ಕೂ ಹಸಿವಿತ್ತು. ಗೌಡತಿ ನನ್ನ ಕೈಯನ್ನೇ ನೋಡಿದರು. ರೊಟ್ಟಿಯನ್ನು ಹಾಗೇ ಬುಟ್ಟಿಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿದರು.