ಬಾಡಿಗೆ ಕಾಕಾ

ನನ್ನ ತಮ್ಮನಿಗೆ ನಲವತ್ತೆರಡು ವರ್ಷ. ಇಬ್ಬರು ಮಕ್ಕಳ ತಂದೆ. ಆದರೂ ಅವನು "ಅಕ್ಕಾ, ಒಂದು ಮಾತು" ಎಂದು ಶುರು ಮಾಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಆ ಸಲ ಅವನು ಕೇಳಿದ್ದು ನನ್ನ ಸ್ಕೂಟರ್.

ಕಮಲಾಪುರದಲ್ಲಿ ತಂಗಿಯ ಮಗಳ ಕುಬಸ ಇತ್ತು. ಬಸುರಿಗೆ ಸೀರೆ, ಹೂವು, ಐದು ನಮೂನೆಯ ಸಿಹಿ ಒಯ್ಯಬೇಕು. ಅಷ್ಟೆಲ್ಲ ಬುಟ್ಟಿ ಹೊತ್ತು ಬಸ್ಸಿನಲ್ಲಿ ಹೋಗುವುದು ಆಗದ ಮಾತು. ಕಲಬುರಗಿಯ ಸ್ಟೇಶನ್ ಬಜಾರದ ಹಿಂದೆ ಕಾರು ಬಾಡಿಗೆಗೆ ಕೊಡುವವನೊಬ್ಬನನ್ನು ತಮ್ಮ ಹುಡುಕಿದ್ದ. ನಾವೇ ಓಡಿಸಿಕೊಂಡು ಹೋಗಬೇಕು. ಹೋಗುವಾಗ ನಮ್ಮದೊಂದು ಬೈಕೋ ಸ್ಕೂಟರೋ ಅವನ ಶೆಡ್ಡಿನಲ್ಲಿ ಬಿಡಬೇಕು, ಕಾರು ಒಪ್ಪಿಸಿದ ಮೇಲೆ ಬಿಡಿಸಿಕೊಳ್ಳಬೇಕು. ಅದು ಅಲ್ಲಿಯ ಪದ್ಧತಿ.

"ನಿನ್ನ ಬೈಕ್ ಬಿಡು," ಎಂದೆ.

"ನಂದು ಹೊಸಾದದ ಅಕ್ಕಾ. ಬಿಸಲಾಗ ನಿಂತ್ರ ಬಣ್ಣ ಹೋಗ್ತದ."

ನನ್ನದಕ್ಕೆ ಬಣ್ಣ ಹೋಗಿ ಯಾವ ಕಾಲವಾಯಿತೋ. ಆದರೆ ದಿನಾ ಬೆಳಿಗ್ಗೆ ಜೋಳದ ರೊಟ್ಟಿ ಬಡಿದು, ಗಂಟು ಕಟ್ಟಿ ಖಾನಾವಳಿಗಳಿಗೆ ಮುಟ್ಟಿಸುವುದು ಅದರ ಮೇಲೆಯೇ. ಅದು ನಿಂತರೆ ನನ್ನ ಒಲೆಯೂ ನಿಂತಂತೆ. ಒಂದು ದಿನದ ಮಾತು ತಾನೆ ಎಂದು ಕೀಲಿ ಕೊಟ್ಟೆ. ನನ್ನ ಬುದ್ಧಿಗಿಷ್ಟು ಮಣ್ಣು ಬೀಳಲಿ.

ಕಾರಿನ ಮಾಲೀಕನಿಗೆ ಬಹಳವೆಂದರೆ ಇಪ್ಪತ್ತೆಂಟು ವರ್ಷ. ಬಾಡಿಗೆ ಗಾಡಿಗೆ ಹಳದಿ ನಂಬರ್ ಪ್ಲೇಟ್ ಇರಬೇಕು. ಅವನದಕ್ಕೆ ಮನೆಯ ಗಾಡಿಯ ಬಿಳಿ ಪ್ಲೇಟ್. ಕೀಲಿ ಕೊಡುವಾಗ ಹೇಳಿದ: "ಯಾರರೆ ಕೇಳಿದ್ರ ನಮ್ಮ ಕಾಕಾನ ಗಾಡಿ ಅನ್ರಿ. ಬಾಡಗಿ ಅನ್ನೋದು ಬಾಯಾಗ ಬರಬಾರ್ದು. ಇನ್ಶೂರೆನ್ಸ್ ಅದ, ಚಿಂತಿ ಮಾಡಬ್ಯಾಡ್ರಿ." ಚಿಕ್ಕಪ್ಪನ ಗಾಡಿ ಎನ್ನುವುದು ಕಾಲೇಜು ಹುಡುಗರಿಗೆ ಕಲಿಸುವ ಪಾಠ. ತಲೆ ನೆರೆತ ನಮಗೂ ಅದನ್ನೇ ಒಪ್ಪಿಸಿದ. ನಾವೂ ತಲೆಯಾಡಿಸಿ ಬಂದೆವು.

ಕುಬಸ ಚೆಂದವಾಗಿಯೇ ಆಯಿತು. ವಾಪಸಾಗುವಾಗ ಕೆಂಪು ಬಾಳೆಹಣ್ಣು ಬೇಕೆಂದು ತಮ್ಮ ಕಮಲಾಪುರದ ಸಂತೆಯ ಹತ್ತಿರ ನಿಲ್ಲಿಸಿದ. ಹಣ್ಣು ಕೊಂಡು, ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕಾರನ್ನು ಹಿಂದಕ್ಕೆ ಬಿಟ್ಟ. "ಹಿಂದ ಟ್ರ್ಯಾಕ್ಟರ್ ಅದ," ಎಂದೆ. "ಕಾಣ್ತದ ಅಕ್ಕಾ," ಎಂದ. ಎಲ್ಲಿ ಕಂಡಿತು. ನಿಂತ ಟ್ರಾಲಿಗೆ ಗುದ್ದಿ ಹಿಂದಿನ ಬಾಗಿಲು ಒಳಗೆ ಹೋಯಿತು, ಗಾಜು ಪುಡಿಪುಡಿ. ಟ್ರಾಲಿಗೆ ಒಂದು ಗೀರೂ ಬೀಳಲಿಲ್ಲ.

ಶೆಡ್ಡಿಗೆ ಮರಳಿದಾಗ ಮಾಲೀಕ ಕಾರಿನ ಸುತ್ತ ಎರಡು ಸುತ್ತು ಹಾಕಿ, "ಇನ್ಶೂರೆನ್ಸ್‌ನಾಗ ಮಾಡಸೋಣ್ರಿ. ಅಲ್ಲಿತನಕ ಸ್ಕೂಟರ್ ಇಲ್ಲೇ ಇರಲಿ," ಎಂದ. ಇನ್ಶೂರೆನ್ಸಿನವರು ಬರಲು ನಾಲ್ಕು ದಿನ. ನಾಲ್ಕು ದಿನವೂ ರೊಟ್ಟಿ ಗಂಟು ಆಟೋದಲ್ಲಿ. ಒಂದು ಖಾನಾವಳಿಯವರು ತಡವಾಯಿತೆಂದು ಬೇರೆಯವರ ರೊಟ್ಟಿ ತೆಗೆದುಕೊಂಡರು. ತಮ್ಮ ಮಾತ್ರ ಹೊಸ ಬೈಕಿನ ಮೇಲೆ ಓಡಾಡಿಕೊಂಡಿದ್ದ. ಹೊಟ್ಟೆ ಉರಿಯದೆ ಏನಾಗುತ್ತದೆ?

ಐದನೆಯ ದಿನ ಮಾಲೀಕ ನಮ್ಮಿಬ್ಬರನ್ನೂ ಶೆಡ್ಡಿಗೆ ಕರೆಸಿದ, ಇನ್ಶೂರೆನ್ಸಿನವರು ಬಂದರು. ಸಮಾಧಾನದ ಮನುಷ್ಯ. ಫೋಟೋ ತೆಗೆದುಕೊಂಡು ತಮ್ಮನನ್ನು ಕೇಳಿದರು, "ಗಾಡಿ ಯಾರ್ದುರಿ?"

"ನಮ್ಮ ಕಾಕಾಂದ್ರಿ."

"ಎಲ್ಲಿದ್ದಾರ ಕಾಕಾ?"

ತಮ್ಮ ಮಾಲೀಕನ ಕಡೆ ಕೈ ತೋರಿಸಿದ. ಅವರು ತಮ್ಮನ ನರೆಗೂದಲು ನೋಡಿದರು, ಮಾಲೀಕನ ಎಳೆ ಮೀಸೆ ನೋಡಿದರು. "ನಿಮಗ ಮೀಸಿ ಬರೂಮುಂದ ಕಾಕಾ ಹುಟ್ಟಿದ್ರೇನ್ರಿ?"

"ನಮ್ಮದು ದೊಡ್ಡ ಮನೆತನರಿ. ಕಾಕಾ ಎಲ್ಲಾರಕಿಂತ ಕಡೀಗಿ ಹುಟ್ಯಾರ," ಎಂದ ತಮ್ಮ. ಒಂದು ಕ್ಷಣ ನನಗೇ ನಂಬಿಕೆ ಬರುವ ಹಾಗಿತ್ತು.

"ಆಗಲ್ರಿ. ಕಾಕಾನ ಹೆಸರೇನು?"

ತಮ್ಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಹೆಸರು ಕೇಳಿದ್ದರಲ್ಲವೇ ಗೊತ್ತಿರುವುದು? ನಮ್ಮ ಫೋನಿನಲ್ಲಿ ಅವನ ನಂಬರು 'ಕಾರ್ ಬಾಡಗಿ' ಅಂತಲೇ ಇತ್ತು. ಮಾಲೀಕ ಹಿಂದಿನಿಂದ ಬರೀ ತುಟಿ ಅಲ್ಲಾಡಿಸಿ ಹೆಸರು ಹೇಳಿಕೊಡಲು ನೋಡಿದ. ತಮ್ಮನಿಗೆ ತಿಳಿಯಲಿಲ್ಲ.

"ಅಕ್ಕಾರ, ನೀವರೆ ಹೇಳ್ರಿ," ಎಂದು ಅವರು ನನ್ನ ಕಡೆ ತಿರುಗಿದರು.

"ಬಾಡಗಿ ಗಾಡಿ ಅದರಿ," ಎಂದುಬಿಟ್ಟೆ. ಸಾಕಾಗಿತ್ತು ನನಗೆ.

"ಬಾಡಗಿಗಿ ಬಿಟ್ರ ಈ ಪಾಲಿಸಿಯೊಳಗ ಏನೂ ಸಿಗಂಗಿಲ್ರಿ," ಎಂದು ಅವರು ಕಾಗದ ಮಡಚಿಕೊಂಡು ಹೋದರು.

ಅವರು ಹೋದದ್ದೇ ತಡ, ಇಬ್ಬರೂ ನನ್ನ ಮೇಲೆ ಬಿದ್ದರು. ಬಿಳಿ ಪ್ಲೇಟಿನ ಗಾಡಿ ಬಾಡಿಗೆಗೆ ಬಿಟ್ಟವನು ಅವನು, ಫೋನು ನೋಡುತ್ತ ಗುದ್ದಿದವನು ಇವನು, ತಪ್ಪು ನನ್ನದು. "ಅಕ್ಕಾರು ಬಾಯಿ ಬಿಟ್ಟು ಕೆಡಿಸಿದ್ರು. ರಿಪೇರಿ ರೊಕ್ಕ ಕೊಟ್ಟು ಸ್ಕೂಟರ್ ಒಯ್ರಿ," ಎಂದ ಮಾಲೀಕ. ತಮ್ಮ ನನ್ನನ್ನು ಪಕ್ಕಕ್ಕೆ ಕರೆದ.

"ಅಕ್ಕಾ, ಸದ್ಯಕ ನೀ ಕೊಟ್ಟುಬಿಡು. ಆಮ್ಯಾಗ ನೋಡೋಣಂತ."

ಆಮ್ಯಾಗ ನೋಡೋಣ. ಅವನ ಅಂಗಡಿಯ ಮುಂಗಡಕ್ಕೂ ಇದೇ ಮಾತು, ಮಗನ ಫೀಸಿಗೂ ಇದೇ ಮಾತು. ಅವ್ವ ಸಾಯುವಾಗ "ತಮ್ಮನ್ನ ನೋಡ್ಕೋ" ಎಂದಿದ್ದಳು. ನೋಡಿಕೊಳ್ಳುತ್ತಲೇ ಇದ್ದೇನೆ. ನನ್ನನ್ನು ಯಾರು ನೋಡಬೇಕು? ಮಾಡಿದ್ದುಣ್ಣೋ ಮಹಾರಾಯ ಎಂದು ಜಗತ್ತು ಹೇಳುತ್ತದೆ. ನಮ್ಮ ಮನೆಯಲ್ಲಿ ಮಾಡುವವನು ಒಬ್ಬ, ಉಣ್ಣುವವಳು ಒಬ್ಬಳು.

ಅವನ ಬೆರಳಿನಲ್ಲಿ ಬೈಕಿನ ಕೀಲಿ ತಿರುಗುತ್ತಿತ್ತು. ಅದನ್ನು ಕಿತ್ತುಕೊಂಡು ಮಾಲೀಕನ ಟೇಬಲ್ಲಿನ ಮೇಲಿಟ್ಟೆ. "ಇವನ ಬೈಕ್ ಇಟ್ಕೋ. ನಂದು ಕೊಡು."

ಮಾಲೀಕ ಬಾಗಿಲಾಚೆ ಹೊಳೆಯುತ್ತಿದ್ದ ಬೈಕು ನೋಡಿದ. "ನಡೀತದ್ರಿ," ಎಂದು ನನ್ನ ಕೀಲಿ ಕೊಟ್ಟ.

ಸ್ಕೂಟರಿನ ಸೀಟಿನ ಮೇಲೆ ಬೆರಳು ಮುಳುಗುವಷ್ಟು ಧೂಳಿತ್ತು. ಸೆರಗಿನಿಂದ ಒರೆಸಿದೆ. ತಮ್ಮ ಹಿಂದೆ ಬಂದು ನಿಂತ. ಮುಖ ಇಷ್ಟು ಸಣ್ಣದಾಗಿತ್ತು. ನನಗೆ ಕರುಳು ಚುರ್ ಎನ್ನಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಅಕ್ಕಾ, ನಾ ಮನಿಗಿ ಹ್ಯಾಂಗ ಹೋಗ್ಲಿ?"

ನಲವತ್ತು ವರ್ಷ ಅವನ ಇಂಥ ಪ್ರಶ್ನೆಗೆಲ್ಲ ನಾನೇ ಉತ್ತರ ಹುಡುಕಿದ್ದೆ. ಅವತ್ತು ಗಾಡಿ ಚಾಲೂ ಮಾಡಿ ಒಬ್ಬಳೇ ಹೊರಟೆ.