ಚಿತ್ತುಕಾಟಿಲ್ಲದ ಪುಟ

ಬೈಲಹೊಂಗಲದ ಬಜಾರದ ಹಿಂದಿನ ಓಣಿಯಲ್ಲಿ ಸಿದ್ಧಾರೂಢನ ವರ್ಕ್‌ಶಾಪು ಇತ್ತು. ಕಂಬದಿಂದ ಬರುವ ಕರೆಂಟನ್ನು ಇಳಿಸಿ, ಹದ ಮಾಡಿ, ಸಣ್ಣಪುಟ್ಟ ಯಂತ್ರಗಳಿಗೆ ಕೊಡುವ ಪವರ್ ಸಪ್ಲೈ ಡಬ್ಬಿಗಳನ್ನು ಅವನು ತಯಾರಿಸುತ್ತಿದ್ದ. ತೊಂಬತ್ತೆರಡರಲ್ಲಿ ಶುರು ಮಾಡಿದಾಗ ಅವನ ಬಳಿ ಇದ್ದದ್ದು ಒಂದು ಡಿಪ್ಲೊಮಾ, ಒಂದು ಕ್ಯಾಲ್ಕ್ಯುಲೇಟರು ಮತ್ತು ಲಗಮವ್ವ. ಅವನಿಗಿಂತ ಐದಾರು ವರ್ಷ ದೊಡ್ಡವಳಾದ ಲಗಮವ್ವ ನೇಸರಗಿಯಿಂದ ದಿನಾ ಬಸ್ಸಿನಲ್ಲಿ ಬಂದು ಟ್ರಾನ್ಸ್‌ಫಾರ್ಮರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಸುತ್ತುವ ಯಂತ್ರಕ್ಕೆ ಎಣಿಕೆಯ ಮೀಟರು ಇತ್ತು. ಆಕೆ ಅದನ್ನು ನಂಬದೆ ಬಾಯಲ್ಲೇ ಎಣಿಸುತ್ತಿದ್ದಳು. ಎಣಿಸುವಾಗ ಸ್ವತಃ ಮಾಲಕನೇ ಮಾತಾಡಿಸಿದರೂ ಉತ್ತರ ಸಿಗುತ್ತಿರಲಿಲ್ಲ.

ಆ ವರ್ಕ್‌ಶಾಪಿನಲ್ಲಿ ಪ್ರತಿ ಲೆಕ್ಕವೂ ನೂರಾ ಅರವತ್ತರಿಂದ ಆರಂಭ. ಪುಸ್ತಕದಲ್ಲಿ ಕರೆಂಟು ಇನ್ನೂರಾ ಮೂವತ್ತು ವೋಲ್ಟು ಇರುತ್ತದೆ. ಹಳ್ಳಿಯಲ್ಲಿ, ಪಂಪುಗಳೆಲ್ಲ ಒಟ್ಟಿಗೆ ಓಡುವ ಸಂಜೆ ಹೊತ್ತಿಗೆ, ಅದು ಎಲ್ಲಿಗೆ ಇಳಿಯುತ್ತದೆ? ಸಿದ್ಧಾರೂಢ ಲಗಮವ್ವನ ಮನೆಗೇ ಹೋಗಿ ಮೀಟರು ಹಿಡಿದು ನೋಡಿದ್ದ: ನೂರಾ ಅರವತ್ತು. ಅಷ್ಟರಲ್ಲೂ ಡಬ್ಬಿ ನಡೆಯಬೇಕು ಎಂಬುದು ಅಂದಿನಿಂದ ಅವನ ನೇಮ. ಒಳಬರುವ ವೋಲ್ಟು ಕಡಿಮೆಯಾದಷ್ಟೂ ತಂತಿಯ ಸುತ್ತು ಹೆಚ್ಚು ಬೇಕು. "ನೇಸರಗ್ಯಾಗ ನಡದ್ರ ಎಲ್ಲಾ ಕಡೆ ನಡಿತೈತಿ" ಎಂದು ಕಿತ್ತೂರು, ಸವದತ್ತಿಯ ಗಿರಾಕಿಗಳ ಮುಂದೆ ಬೀಗುತ್ತಿದ್ದ. ಬೀಗುವ ಹಕ್ಕು ಆಗ ಅವನಿಗೆ ಇತ್ತು.

ಎರಡು ಸಾವಿರದ ಮೂರರಲ್ಲಿ ಹಳೆಯ ಕಂಪ್ಯೂಟರೊಂದನ್ನು ತಂದ. ಅದರಲ್ಲಿ ಡಿಸೈನಿನ ಸಾಫ್ಟ್‌ವೇರು. ಅರ್ಧ ದಿನದ ಲೆಕ್ಕ ಅರ್ಧ ನಿಮಿಷಕ್ಕೆ ಬರುತ್ತಿತ್ತು. ಆದರೂ ಸಿದ್ಧಾರೂಢ ಒಂದು ದಪ್ಪ ವಹಿ ಇಟ್ಟ. ಎಡಕ್ಕೆ ಕಂಪ್ಯೂಟರು ಹೇಳಿದ ಅಂಕಿ, ಬಲಕ್ಕೆ ತಾನು ಕೈಯಾರೆ ಮಾಡಿದ ಅಂಕಿ. ಗಿರಾಕಿ ಬಂದರೆ ಚಹಾಕ್ಕಿಂತ ಮೊದಲು ವಹಿ ತೋರಿಸುತ್ತಿದ್ದ. "ಕಂಪ್ಯೂಟರ್ ಹೇಳಿತು ಅಂತ ಕಣ್ಣು ಮುಚ್ಚಿ ನಂಬಾಂವ ನಾ ಅಲ್ಲ" ಎನ್ನುತ್ತಿದ್ದ.

ಒಂದು ವರ್ಷ ಎರಡೂ ಕಡೆಯ ಅಂಕಿಗಳು ತಾಳೆಯಾಗುತ್ತಲೇ ಬಂದವು. ಕೆಟ್ಟದ್ದು ಅಲ್ಲಿಂದಲೇ. ಹೇಗೂ ತಾಳೆಯಾಗುತ್ತದಲ್ಲ ಎಂದು ಅವನು ಎಡಗಡೆಯದನ್ನು ನೋಡಿ ಬಲಗಡೆ ತುಂಬತೊಡಗಿದ. ತೀರಾ ಒಂದೇ ಆದರೆ ಸಂಶಯ ಬರುತ್ತದೆಂದು ಕೊನೆಯ ಅಂಕಿಯನ್ನು ಒಂದಿಷ್ಟು ಹೆಚ್ಚುಕಡಿಮೆ ಮಾಡುತ್ತಿದ್ದ. ಇದನ್ನು ಸೋಮಾರಿತನ ಎಂದು ಬಿಡಬಹುದಿತ್ತು. ಆದರೆ ಸೋಮಾರಿ ಇಷ್ಟೊಂದು ಕಷ್ಟಪಡುವುದಿಲ್ಲ. ಇದು ಮೋಸ, ಬೇರೆ ಹೆಸರಿಲ್ಲ.

ಎರಡು ಸಾವಿರದ ಐದರಲ್ಲಿ ರಾಮದುರ್ಗದ ಯಮನಪ್ಪ ಬಂದ. ಹಳ್ಳಿಯ ಡೇರಿಗಳಿಗೆ ಹಾಲಿನ ಫ್ಯಾಟು ಅಳೆಯುವ ಯಂತ್ರ ಕೊಡುವವನು. ವಹಿ ನೋಡಿ, ತಲೆದೂಗಿ, ಅರವತ್ತು ಡಬ್ಬಿ ಹೇಳಿ ಹೋದ. ಸಾಫ್ಟ್‌ವೇರಿನಲ್ಲಿ 'ಅತಿ ಕಡಿಮೆ ವೋಲ್ಟೇಜು' ಎಂಬ ಕಡೆ ಇನ್ನೂರಾ ಏಳು ಎಂದು ಮೊದಲೇ ತುಂಬಿರುತ್ತಿತ್ತು. ಪ್ರತಿ ಸಲ ಅದನ್ನು ಅಳಿಸಿ ನೂರಾ ಅರವತ್ತು ಬರೆಯುತ್ತಿದ್ದವನು ಆ ದಿನ ಮರೆತ. ಕೈಲೆಕ್ಕ ಇದ್ದದ್ದೇ ಇಂಥ ಮರೆವನ್ನು ಹಿಡಿಯಲಿಕ್ಕೆ. ಅದನ್ನಂತೂ ಅವನು ಮಾಡಿರಲೇ ಇಲ್ಲ.

ಎಷ್ಟು ಸುತ್ತು ಎಂದು ಬರೆದುಕೊಟ್ಟ ಚೀಟಿ ನೋಡಿದ ಲಗಮವ್ವ ಕೂತಲ್ಲಿಂದ ಎದ್ದು ಬಂದಳು. "ಅಣ್ಣಾರ, ಹನ್ನೆರಡು ವೋಲ್ಟಿನ ಡಬ್ಬಿಗೆ ಯಾವಾಗ್ಲೂ ತೊಂಬತ್ತೈದರ ಸುಮಾರು ಸುತ್ತತೇನಿ. ಇಲ್ಲಿ ಎಪ್ಪತ್ತೈದು ಐತಿ. ಕಡಿಮಿ ಆಗಂಗಿಲ್ಲೇನ್ರಿ?"

"ಎರಡೂ ಕಡೆ ತಾಳೆ ಆಗೈತಿ, ನೋಡಿಲ್ಲಿ" ಎಂದು ಸಿದ್ಧಾರೂಢ ವಹಿ ಚಾಚಿದ. ಆಕೆ ಪುಟದ ಬಲಗಡೆ ಬೆರಳಾಡಿಸಿ ನೋಡಿ, ಹೋಗಿ ಸುತ್ತತೊಡಗಿದಳು.

ವರ್ಕ್‌ಶಾಪಿನಲ್ಲಿ ಡಬ್ಬಿಗಳು ಚೆನ್ನಾಗಿ ನಡೆದವು. ಹಳ್ಳಿಯಲ್ಲೂ ಬೆಳಿಗ್ಗೆ ನಡೆದವು. ಸಂಜೆ, ಜನ ಹಾಲಿನ ಕ್ಯಾನು ಹಿಡಿದು ಪಾಳಿ ನಿಂತ ಹೊತ್ತಿಗೆ ಸರಿಯಾಗಿ, ಯಂತ್ರಗಳು ಕಣ್ಣು ಮುಚ್ಚಿದವು. ಮೂರನೇ ವಾರಕ್ಕೆ ಯಮನಪ್ಪ ಡಬ್ಬಿಗಳನ್ನು ಚೀಲದಲ್ಲಿ ತುಂಬಿ ತಂದು ಸುರಿದ.

"ಮಂದಿ ನನ್ನ ಮಾರಿಗೆ ಉಗಳೂದೊಂದು ಬಾಕಿ ಐತ್ರಿ. ಯಾರ ತಪ್ಪಿದು?"

ನೂರಾ ಅರವತ್ತು ಬರೆಯಲು ಮರೆತದ್ದು ಸಿದ್ಧಾರೂಢನಿಗೆ ಆ ಕ್ಷಣಕ್ಕೇ ಹೊಳೆಯಿತು. ಮೇಜಿನ ಮೇಲೆ ವಹಿ ಇತ್ತು, ಇದೇ ಯಮನಪ್ಪ ತಲೆದೂಗಿದ ವಹಿ. "ಲೆಕ್ಕ ಬರೋಬರಿ ಐತ್ರಿ. ಸುತ್ತೂವಾಗ ಎಣಿಕಿ ತಪ್ಪೈತಿ" ಎಂದ.

ಲಗಮವ್ವನ ಕೈ ನಿಂತಿತು. "ಒಂದು ಬಿಚ್ಚರಿ. ಇವರ ಮುಂದನ ಎಣಿಸೂಣು."

"ಇರ್ಲಿ ಬಿಡು ಲಗಮವ್ವಾ, ಆಗೂದು ಆತು" ಎಂದ ಸಿದ್ಧಾರೂಢ. ದೊಡ್ಡ ಮನಸ್ಸು ಮಾಡಿ ಕ್ಷಮಿಸುವವನ ಧ್ವನಿ ಅದು. ಆಮೇಲೆ ವರ್ಷಗಟ್ಟಲೆ ಅವನನ್ನು ಸುಟ್ಟದ್ದು ಹೇಳಿದ ಸುಳ್ಳಿಗಿಂತ ಆ ಧ್ವನಿಯೇ.

ಮರುದಿನ ಆಕೆ ಬರಲಿಲ್ಲ. ಅವನು ಬಾಗಿಲು ಹಾಕಿಕೊಂಡು ಒಂದು ಟ್ರಾನ್ಸ್‌ಫಾರ್ಮರು ಬಿಚ್ಚಿ ಎಣಿಸಿದ. ಎಪ್ಪತ್ತೈದು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇನ್ನೊಂದು ಬಿಚ್ಚಿದ, ಅದೂ ಅಷ್ಟೇ. ಮೂರನೆಯದನ್ನು ಬಿಚ್ಚುವ ಧೈರ್ಯ ಬರಲಿಲ್ಲ. ವಹಿ ತೆಗೆದು ಕೈಯಾರೆ ಲೆಕ್ಕ ಮಾಡಿದ. ಆರು ಕಡೆ ತಪ್ಪಿ, ಹೊಡೆದುಹಾಕಿ, ಕೊನೆಗೆ ತೊಂಬತ್ತೈದಕ್ಕೆ ಮುಟ್ಟಿದ.

ಐದನೇ ದಿನ ನೇಸರಗಿಗೆ ಹೋದ. ಲಗಮವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

"ತಪ್ಪು ನಂದು, ಲಗಮವ್ವಾ. ಕೈಲೆಕ್ಕ ನಾ ಮಾಡೇ ಇರಲಿಲ್ಲ."

"ಗೊತ್ತೈತ್ರಿ. ಆ ಪುಟದಾಗ ಒಂದೂ ಕಾಟು ಇರಲಿಲ್ಲ. ಹದಿಮೂರು ವರ್ಷ ನೋಡೇನಿ, ನಾಕು ಕಡೆ ಹೊಡದುಹಾಕಲಾರದ ನೀವು ಒಂದು ಲೆಕ್ಕ ಮಾಡಿಲ್ಲ."

"ಮತ್ತ ಅವತ್ತು ಯಮನಪ್ಪನ ಮುಂದ ಯಾಕ ಹೇಳಲಿಲ್ಲ?"

"ನೀವ ಹೇಳ್ತೀರಿ ಅಂತ ಕುಂತಿದ್ನಿ." ಮೊರ ಕೆಳಗಿಟ್ಟಳು. "ಯಮನಪ್ಪನವರಿಗೆ ಹೇಳೀರೇನ್ರಿ?"

"ಇನ್ನೂ ಇಲ್ಲ."

"ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ ಇಷ್ಟು ದೂರ ಬಂದ್ರಿ?"

ಮರುದಿನ ಸಿದ್ಧಾರೂಢ ರಾಮದುರ್ಗದ ಬಸ್ಸು ಹತ್ತಿದ. ಯಮನಪ್ಪ ಎಲ್ಲವನ್ನೂ ಕೇಳಿ, "ಆ ವಹಿ ನೋಡಿನ ನಿಮಗ ಕೆಲಸ ಕೊಟ್ಟಿದ್ನಿ" ಎಂದಷ್ಟೇ ಅಂದ. ಮುಂದೆ ಸರಿಮಾಡಿಕೊಟ್ಟ ಡಬ್ಬಿಗಳನ್ನು ತೆಗೆದುಕೊಂಡ. ಮತ್ತೆಂದೂ ಕೆಲಸ ಕೊಡಲಿಲ್ಲ.

ಸುದ್ದಿ ಕೇಳಿ ಲಗಮವ್ವ ಸೋಮವಾರ ಬಂದು ತನ್ನ ಜಾಗದಲ್ಲಿ ಕೂತಳು. ಆದರೆ ಅಂದಿನಿಂದ ಚೀಟಿಗಿಂತ ಮೊದಲು ವಹಿ ಕೇಳುತ್ತಿದ್ದಳು. ಅಂಕಿಯ ಹೊರತು ಆಕೆಗೆ ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ. ಬಲಗಡೆ ಕಾಟುಗಳಿವೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿ, ಆಮೇಲೆ ಕೆಲಸ ಹಿಡಿಯುತ್ತಿದ್ದಳು. ಅಷ್ಟು ಹೊತ್ತೂ ಸಿದ್ಧಾರೂಢ ನೆಲ ನೋಡುತ್ತಿದ್ದ.

ಒಂದು ಸಲ, ಎರಡು ಸಾವಿರದ ಎಂಟರಲ್ಲಿರಬೇಕು, ಅವನ ಲೆಕ್ಕ ಒಂದೂ ಕಾಟಿಲ್ಲದೆ ಮೊದಲ ಸಲಕ್ಕೇ ಸರಿಬಂತು. ಪ್ರಾಮಾಣಿಕವಾಗಿ ಮಾಡಿದ ಲೆಕ್ಕ. ಆಕೆ ಪುಟ ನೋಡಿದಳು, ಅವನನ್ನು ನೋಡಿದಳು, ಚೀಟಿಗೆ ಕೈ ಚಾಚಲಿಲ್ಲ. ಅವನೂ ಆಣೆ ಪ್ರಮಾಣ ಮಾಡಲು ಹೋಗಲಿಲ್ಲ. ಆಕೆಯ ಎದುರಿಗೇ ಕುರ್ಚಿ ಎಳೆದು ಕೂತು, ಹೊಸ ಪುಟ ತೆಗೆದು, ನೂರಾ ಅರವತ್ತು ಎಂದು ಬರೆದು ಮತ್ತೆ ಮೊದಲಿನಿಂದ ಲೆಕ್ಕ ಮಾಡಿದ.