ಹಾಲೆಂಡಿನ ಅಣ್ಣನಿಗೆ ಇಟ್ಟ ಎಡೆ

ನಮ್ಮ ಅತ್ತೆಯವರಿಗೆ ಸತ್ತವರ ಮೇಲಿದ್ದ ಕಾಳಜಿ ಬದುಕಿದ್ದವರ ಮೇಲೆ, ಅದರಲ್ಲೂ ಸೊಸೆಯ ಮೇಲೆ, ಅಷ್ಟಾಗಿ ಇರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಹೆಬ್ಬಾಳದ ಆ ಮನೆಗೆ ಬಂದ ನನಗೆ ಮೊದಲ ಪಿತೃಪಕ್ಷದಲ್ಲೇ ಇದು ಗೊತ್ತಾಯಿತು. ಮಾವನವರಿಗೆ ವಡೆ ಗರಿಗರಿಯಾಗಿರಬೇಕು, ಅವರಪ್ಪನಿಗೆ ಮೆತ್ತಗಿರಬೇಕು, ದೊಡ್ಡತ್ತೆಗೆ ಕಜ್ಜಾಯದ ಮೇಲೆ ಗಸಗಸೆ ಜಾಸ್ತಿ ಬೇಕು. ಎಂದೋ ಸತ್ತವರ ನಾಲಿಗೆಯ ರುಚಿಯೆಲ್ಲ ಅತ್ತೆಗೆ ಬಾಯಿಪಾಠವಾಗಿತ್ತು. ಬೆಳಗಿನಿಂದ ಎಣ್ಣೆಯ ಮುಂದೆ ಬೆಂದ ನನಗೇನು ಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ತೋಟದಾಚೆ ಒಂದು ದನದ ಫಾರಂ ಇತ್ತು. ಹಸುಗಳ ತಳಿ ಸುಧಾರಿಸುವ ಕೆಲಸಕ್ಕೆಂದು ಹಾಲೆಂಡಿನವರೊಬ್ಬರು ಅಲ್ಲಿಗೆ ಬಂದಿದ್ದರು. ಒಳ್ಳೆ ಎತ್ತರದ ಆಳು. ದನ ನೋಡಿಕೊಳ್ಳುವವರ ಜೊತೆಯಲ್ಲೇ ಇದ್ದು ಇದ್ದು ಅವರ ಕನ್ನಡವನ್ನೇ ಕಲಿತಿದ್ದರು, ಬೈಗುಳದ ಸಮೇತ. ಅವರ ಹೆಂಡತಿ ಸೊಪ್ಪು, ಮೊಟ್ಟೆಗೆಂದು ನಮ್ಮ ಮನೆಗೆ ಬರುತ್ತಿದ್ದರು. ನಾನು ಯಲಹಂಕದಲ್ಲಿ ಹೈಸ್ಕೂಲು ಓದಿದವಳು. ಆಕೆಯದೂ ಹರಕು ಇಂಗ್ಲಿಷು, ನನ್ನದೂ ಹರಕು ಇಂಗ್ಲಿಷು, ಹೀಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತು.

ಒಂದು ದಿನ ಆಕೆ ತಮ್ಮ ಅಣ್ಣನ ಕಥೆ ಹೇಳಿದರು. ಯುದ್ಧಕಾಲದಲ್ಲಿ ಜರ್ಮನಿಯವರು ಅವರ ದೇಶವನ್ನು ಹಿಡಿದುಕೊಂಡಿದ್ದಾಗ, ಆ ಅಣ್ಣ ಒಂದು ಯಹೂದಿ ಸಂಸಾರವನ್ನು ತಮ್ಮ ಹುಲ್ಲಟ್ಟದ ಮೇಲೆ ಬಚ್ಚಿಟ್ಟಿದ್ದ. ಹಾಗೆ ಅಡಗಿಕೊಂಡ ಇನ್ನೂ ಕೆಲವರಿಗೆ ಸೈಕಲ್ಲಿನಲ್ಲಿ ರೇಷನ್ ಚೀಟಿ ಸಾಗಿಸುತ್ತಿದ್ದ. ಕೊನೆಗೆ ಸಿಕ್ಕಿಬಿದ್ದು ಜೈಲು ಸೇರಿದ. ಅವನು ಒಳಗಿದ್ದಾಗಲೇ ಹೊರಗೆ, ಜರ್ಮನರ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತಿದ್ದ ಅವನ ಗುಂಪಿನವನೇ ಒಬ್ಬನು ಜರ್ಮನ್ ಅಧಿಕಾರಿಗೆ ಗುಂಡು ಹೊಡೆದು ಕೊಂದ. ಅದರ ಸೇಡಿಗೆ ಜೈಲಿನಿಂದ ಕೆಲವರನ್ನು ಎಳೆದು ತಂದು, ರಸ್ತೆ ಬದಿಯಲ್ಲಿ ನಿಲ್ಲಿಸಿ ಸಾಯಿಸಿದರು. ಹೋಗಿ ಬರುವವರನ್ನೆಲ್ಲ ತಡೆದು ಬಲವಂತವಾಗಿ ನೋಡಿಸಿದರು. ಅವರಲ್ಲಿ ಆಕೆಯ ಅಣ್ಣನೂ ಒಬ್ಬ. ಗುಂಡು ಹೊಡೆದವನ ಹೆಸರು ಹೇಳಿದರೆ ನಿನ್ನನ್ನು ಬಿಡುತ್ತೇವೆ ಎಂದು ಅವನಿಗೆ ಮೊದಲೇ ಹೇಳಿದ್ದರಂತೆ. ಆ ಕೆಲಸ ಯಾರದೆಂದು ಅವನು ಸಿಕ್ಕಿಬೀಳುವ ಮೊದಲೇ ಗುಂಪಿನಲ್ಲಿ ತೀರ್ಮಾನವಾಗಿತ್ತು, ಹಾಗಾಗಿ ಅವನಿಗೆ ಆ ಹೆಸರು ಗೊತ್ತಿತ್ತು. ಹೇಳಲಿಲ್ಲ. ಅದೇ ಕೋಣೆಯಲ್ಲಿದ್ದು ಬದುಕಿ ಬಂದವನೊಬ್ಬ ಆಮೇಲೆ ಇದನ್ನು ತಿಳಿಸಿದ.

ಗುಂಡು ಹೊಡೆದವರು ಬೇರೆ ಯಾರೂ ಅಲ್ಲ, ಮುಂದೆ ಆಕೆಯನ್ನು ಮದುವೆಯಾದ ಈ ಫಾರಂ ಸಾಹೇಬರೇ. ಅಂದಿನಿಂದ ಅವರ ಬಾಯಲ್ಲಿ ಆ ಅಣ್ಣನ ಹೆಸರು ಬಂದಿಲ್ಲ. ಅವನು ಸತ್ತ ದಿನ ಬಂದರೆ ಮನೆ ಬಿಟ್ಟು ಹೆಬ್ಬಾಳ ಕೆರೆ ಏರಿಯ ಮೇಲೆ ನಡೆದುಬಿಡುತ್ತಾರೆ. "ನನಗೆ ಗಂಡನ ಮೇಲೆ ಸಿಟ್ಟಿಲ್ಲ. ಅವರು ಒಂದೇ ಒಂದು ಸಲ ನನ್ನ ಅಣ್ಣನ ಹೆಸರು ಹೇಳಬೇಕು, ಅಷ್ಟೇ," ಎಂದು ಆಕೆ ಕಣ್ಣೊರೆಸಿಕೊಂಡರು.

ನಾನು ಸೊಪ್ಪು ಬಿಡಿಸುವುದನ್ನೂ ಮರೆತು ಕೂತಿದ್ದೆ. ಕತ್ತಿ ಹಿಡಿದು ನುಗ್ಗುವವರ ಧೈರ್ಯ ಹೇಗೋ ಅರ್ಥವಾಗುತ್ತದೆ. ಬಾಯಿ ಮುಚ್ಚಿಕೊಂಡು ಸಾಯುವ ಧೈರ್ಯ ಎಲ್ಲಿಂದ ಬರುತ್ತದೋ! ನಮ್ಮ ಮನೆಯಲ್ಲಿ ಹಾಲು ಉಕ್ಕಿಸಿದ್ದು ಯಾರು ಎಂದು ಕೇಳಿದರೆ ಸಾಕು, ಎಲ್ಲರ ಬೆರಳೂ ಒಟ್ಟಿಗೆ ನನ್ನ ಕಡೆ ತಿರುಗುತ್ತಿದ್ದವು. ನಾನು ಕಣ್ಣಿಂದ ಕಾಣದ ಆ ಮನುಷ್ಯನ ಮೇಲೆ ಅವತ್ತು ಹುಟ್ಟಿದ ಗೌರವ ಇವತ್ತಿಗೂ ಒಂದಿಷ್ಟೂ ತಗ್ಗಿಲ್ಲ.

ಅತ್ತೆಗೆ ಅರ್ಧ ಕಥೆ ಮಾತ್ರ ಹೇಳಿದೆ. ಜನರನ್ನು ಬಚ್ಚಿಟ್ಟದ್ದು, ಸೇಡಿಗೆ ಬಲಿಯಾದದ್ದು, ಹೆಣವನ್ನೂ ಮನೆಯವರಿಗೆ ಕೊಡದೇ ಹೋದದ್ದು. ಗುಂಡು ಹೊಡೆದವರು ಯಾರೆಂಬುದನ್ನು ನುಂಗಿಕೊಂಡೆ. ಅದು ಗೊತ್ತಾದರೆ ಸಾಹೇಬರನ್ನು ಅಂಗಳಕ್ಕೂ ಬಿಟ್ಟುಕೊಳ್ಳುವುದಿಲ್ಲ ಎಂದು ನನ್ನ ಲೆಕ್ಕ.

"ಅವ್ನಿಗೆ ಯಾರಾದ್ರೂ ಎಡೆ ಇಟ್ಟವ್ರಾ?" ಎಂದು ಕೇಳಿದರು ಅತ್ತೆ.

"ಅವರಲ್ಲಿ ಆ ಪದ್ಧತಿ ಇಲ್ಲ ಅತ್ತೆ."

"ಪದ್ದತಿ ಇಲ್ದಿದ್ರೆ ಒಟ್ಟೆ ಅಸಿಯಾಕಿಲ್ವಾ? ಅಮಾಸೆ ದಿನ ನಮ್ಮೋರ್ ಜೊತೇಲೇ ಒಂದೆಲೆ ಇಡಾನ. ಗಂಡ ಎಂಡ್ತಿ ಇಬ್ರೂ ಬರ್ಬೇಕು ಅಂತೇಳು."

ಬೀದಿಯವರು ಮೂಗು ಮುರಿದರು. ಅತ್ತೆ ಕ್ಯಾರೇ ಅನ್ನಲಿಲ್ಲ. ನಾನು ಸಾಹೇಬರ ಹೆಂಡತಿಗೆ ನಮ್ಮ ಕ್ರಮ ವಿವರಿಸಿದೆ: ಸತ್ತವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ, ಮನೆಯ ಗಂಡಸು ಧೂಪ ಹಾಕಿ, ಅವರನ್ನು ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು, ಅವರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಬೇಕು. ಹೆಸರು ಹಿಡಿದು ಕರೆಯಬೇಕು ಎಂದಾಗ ಆಕೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಅಣ್ಣನಿಗೆ ಏನು ಇಷ್ಟ ಎಂದು ವಿಚಾರಿಸಿದ್ದಕ್ಕೆ ಬೇಯಿಸಿದ ಆಲೂಗಡ್ಡೆ, ಬೆಣ್ಣೆ ಎಂದು ಉತ್ತರ ಬಂದಿತ್ತು. "ಇಷ್ಟೇನಾ? ಪಾಪ," ಎಂದು ಮರುಗಿದ ಅತ್ತೆ ಅಮಾವಾಸ್ಯೆಯ ದಿನ ತಮ್ಮ ಸಮಾಧಾನಕ್ಕೆ ಬಾಡಿನ ಸಾರು, ಕಜ್ಜಾಯ ಎಲ್ಲವನ್ನೂ ಸೇರಿಸಿ ಬಡಿಸಿದರು. ಮಾವನವರ ಎಲೆಯ ಪಕ್ಕದಲ್ಲೇ ಅವನ ಎಲೆ. ತಂಗಿ ಒಳಗೆ ಬಂದು ಅದರ ಮುಂದೆ ನಿಂತರು. ಗಂಡ ಮಾತ್ರ ಹೊಸ್ತಿಲು ದಾಟಲಿಲ್ಲ.

"ಬನ್ನಿ ಸ್ವಾಮಿ, ತಂಗೀ ಗಂಡ ಅಲ್ವಾ? ನೀವೇ ಕರೀಬೇಕು," ಎಂದು ಅತ್ತೆ ಧೂಪದ ಬಟ್ಟಲು ಚಾಚಿದರು. ಅವರು ಅಲ್ಲಾಡಲಿಲ್ಲ. ಎಲೆಯನ್ನು ನೋಡುತ್ತ ನೋಡುತ್ತ ಅತ್ತೆಗೆ ಹೊಟ್ಟೆ ಉರಿಯಿತು. "ಆ ಅಧಿಕಾರೀನ ಕೊಂದೋನು ಯಾವನೋ, ಅದಕ್ಕೆ ಸತ್ತೋನು ಇವ್ನು. ಆ ಮುಂಡೇಮಗ ಎಲ್ಲೋದ? ಅವನ್ ಗಂಟ್ಲಲ್ಲಿ ಅನ್ನ ಇಳೀತದಾ?"

ಆ ಮಾತನ್ನು ಯಾರೂ ಸಾಹೇಬರಿಗೆ ಇಂಗ್ಲಿಷಿಗೆ ತಿರುಗಿಸಬೇಕಾಗಿರಲಿಲ್ಲ.

"ಇಳಿಯಾಕಿಲ್ಲ ಅಮ್ಮಾ," ಎಂದರು ಅವರು ಬಾಗಿಲಾಚೆಯಿಂದ. "ಅವ್ನು ನಾನೇ."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೀವೇ ಅಂತ ಇವ್ನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅವ್ರು ಕೇಳಿದ್ರೂ ಏಳ್ಲಿಲ್ವಾ?"

"ಏಳ್ಲಿಲ್ಲ."

ಅತ್ತೆ ಧೂಪದ ಬಟ್ಟಲನ್ನು ಎಲೆಯ ಪಕ್ಕ ಇಳಿಸಿದರು. ಆಮೇಲೆ ಹೊಸ್ತಿಲಿನವರೆಗೆ ಹೋಗಿ ಅವರ ಕೈ ಹಿಡಿದುಕೊಂಡರು. ಪರಗಂಡಸಿನ ನೆರಳು ಬಿದ್ದರೆ ಸೆರಗು ಎಳೆದುಕೊಳ್ಳುವ ಹೆಂಗಸು!

"ಅಂಗಾದ್ರೆ ಪ್ರಾಣ ಕೊಟ್ಟು ಅವ್ನು ಉಳಿಸ್ಕೊಂಡಿರೋದು ನಿನ್ನ ಕಣಪ್ಪಾ. ನೀನೇ ಉಣ್ದೆ ಆಚೆ ನಿಂತ್ರೆ ಅವ್ನು ಎಂಗ್ ಉಂಡಾನು? ಬಾ, ಕರಿ."

ಅವರು ಒಳಗೆ ಬಂದು ಕೆಂಡದ ಮೇಲೆ ಸಾಂಬ್ರಾಣಿ ಹಾಕಿದರು. ಅರ್ಧ ನೆಲಕ್ಕೆ ಚೆಲ್ಲಿತು. ಕೊನೆಗೆ ಆ ಹೆಸರು ಬಂತು, ಗಟ್ಟಿಯಾಗಿ, ಹೊಲದಾಚೆ ಇರುವವನನ್ನು ಕೂಗುವ ಹಾಗೆ. ಹಿಂದೆಯೇ ಅತ್ತೆ ಹೇಳಿಕೊಟ್ಟ ಮಾತು: "ಬಂದು ಉಣ್ಣಪ್ಪಾ." ಆ ತಂಗಿ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅಳತೊಡಗಿದರು. ನನಗೂ ತಡೆಯಲಾಗಲಿಲ್ಲ.

ಎಲ್ಲರೂ ಅಂಗಳಕ್ಕೆ ಬಂದೆವು. ಅತ್ತೆ ಬಾಗಿಲು ಮುಂದೆ ಮಾಡಿದರು. ನಮ್ಮ ಮನೆಯ ಗಂಡುಮಕ್ಕಳ ಸಾಲಿನಲ್ಲಿ ಅವರೂ ಕೈಕಟ್ಟಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಬಾಗಿಲು ತೆರೆದು ಒಳಗೆ ಇಣುಕಿದರು.

"ಉಂಡವ್ನೆ," ಎಂದರು. "ಈಗ ನೀನ್ ಬಾ ಮಗಾ, ಉಣ್ಣು."